ಬ್ವಿಂಡಿಯ ದಾರಿ ಸವೆಸಿದವರು

ಉಗಾಂಡಾದ ಬ್ವಿಂಡಿ ಕಾಡಿಗೆ ಗೊರಿಲ್ಲಾ ನೋಡಲು ಹೋಗುವವರಿಗೆ ಕೊಡುವ ಸೂಚನೆಗಳು ಒಂದು ಪುಟದಲ್ಲಿ ಮುಗಿಯುತ್ತವೆ. ತುಂಬುತೋಳಿನ ಅಂಗಿ ಹಾಕಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸಿ, ತುರಚೆ ಗಿಡಕ್ಕೆ ಕೈಗವಸು ಇರಲಿ. ಮಾಸ್ಕ್ ಬೇಕೇಬೇಕು. ನೆಗಡಿಯಾಗಿದ್ದರೆ ಹೇಳಿಬಿಡಿ, ಕಾಡಿಗೆ ಬಿಡುವುದಿಲ್ಲ. ಹದಿನೈದು ತುಂಬದ ಮಕ್ಕಳಿಗೆ ಪ್ರವೇಶವಿಲ್ಲ. ಒಂದು ಗೊರಿಲ್ಲಾ ಕುಟುಂಬಕ್ಕೆ ದಿನಕ್ಕೆ 8 ಮಂದಿ, ಒಂದೇ ಗಂಟೆ. ಕೆಲಸದ ಮೇಲೆ ಕಂಪಾಲಾದಲ್ಲಿರುವ ನಾನು ಬರುವ ತಿಂಗಳ ಚಾರಣಕ್ಕೆಂದು ಹೊಸ ಬೂಟು ಪಳಗಿಸುತ್ತಿದ್ದೇನೆ. ಜೊತೆಗೆ ಈ ನಿಯಮಗಳು ಎಲ್ಲಿಂದ ಬಂದವೆಂದು ಹುಡುಕುತ್ತಿದ್ದೇನೆ.

ಊರು ಮೈಸೂರು. ನಮ್ಮ ಮೃಗಾಲಯದಲ್ಲಿದ್ದ ಪೋಲೋನನ್ನು ಎಷ್ಟೋ ಸಲ ನೋಡಿದ್ದೇನೆ. ಅವನು ತಗ್ಗುಸೀಮೆಯ ಗೊರಿಲ್ಲಾ. ಬೆಟ್ಟದ ಗೊರಿಲ್ಲಾ ಪ್ರಪಂಚದ ಯಾವ ಮೃಗಾಲಯದಲ್ಲೂ ಇಲ್ಲ. ನೋಡಲೇಬೇಕೆಂದರೆ ಉಗಾಂಡಾ, ರುವಾಂಡಾ, ಕಾಂಗೋ ಸೇರುವ ಈ ಮೂಲೆಯ ಕಾಡು ಹತ್ತಬೇಕು.

ಹಾಗೆ ಹತ್ತಿದ ಮೊದಲ ಯುರೋಪಿಯನ್ನರ ತಯಾರಿಯೇ ಬೇರೆ. 1902ರ ಅಕ್ಟೋಬರಿನಲ್ಲಿ ರಾಬರ್ಟ್ ಫಾನ್ ಬೆರಿಂಗೆ ಎಂಬ ಜರ್ಮನ್ ಸೇನಾಧಿಕಾರಿ ಸಬಿನ್ಯೋ ಪರ್ವತದ ಮೇಲೆ ಎರಡು ಗೊರಿಲ್ಲಾಗಳನ್ನು ಗುಂಡಿಟ್ಟು ಕೊಂದ. ಕಮರಿಗೆ ಬಿದ್ದ ಅವುಗಳಲ್ಲಿ ಒಂದನ್ನಷ್ಟೇ ಮೇಲೆತ್ತಲು ಸಾಧ್ಯವಾಯಿತು. ಅದರ ಅವಶೇಷ ಬರ್ಲಿನ್ನಿಗೆ ಹೋಯಿತು, ಮರುವರ್ಷ ಆ ಪ್ರಾಣಿಗೆ ಕೊಂದವನ ಹೆಸರನ್ನೇ ಇಟ್ಟರು. 1921ರಲ್ಲಿ ಕಾರ್ಲ್ ಏಕ್ಲಿ ನ್ಯೂಯಾರ್ಕಿನ ವಸ್ತುಸಂಗ್ರಹಾಲಯಕ್ಕಾಗಿ ಐದನ್ನು ಸಂಗ್ರಹಿಸಿದ. ಆದರೆ ಅದೇ ಏಕ್ಲಿ ಅಲ್ಲಿಂದ ಮರಳಿದ ಮೇಲೆ ಬೆಲ್ಜಿಯಂ ದೊರೆಯ ಬೆನ್ನುಹತ್ತಿ ಇವುಗಳಿಗೊಂದು ರಕ್ಷಿತ ನೆಲೆ ಬೇಕೆಂದು ಪಟ್ಟುಹಿಡಿದ. 1925ರಲ್ಲಿ ಆಫ್ರಿಕಾದ ಮೊದಲ ರಾಷ್ಟ್ರೀಯ ಉದ್ಯಾನ ಹುಟ್ಟಿದ್ದು ಹೀಗೆ. ಮರುವರ್ಷ ಮತ್ತೆ ಬಂದವನು ಮಿಕೆನೋ ಪರ್ವತದಲ್ಲಿ ತೀರಿಕೊಂಡ, ಅವನ ಸಮಾಧಿಯೂ ಅಲ್ಲಿಯೇ ಆಯಿತು.

ಕೋವಿಯಿಲ್ಲದೆ ಬರೀ ನೋಡುವುದಕ್ಕೆಂದು ಹೋಗುವ ರೂಢಿ ಬೆಳೆದದ್ದರಲ್ಲಿ ಉಗಾಂಡಾದ ಕಿಸೊರೊ ಪೇಟೆಯ ಒಂದು ಪುಟ್ಟ ಹೋಟೆಲಿನ ಪಾಲು ದೊಡ್ಡದು. 1950ರ ದಶಕದಲ್ಲಿ ಅದನ್ನು ನಡೆಸುತ್ತಿದ್ದ ವಾಲ್ಟರ್ ಬೌಮ್‌ಗಾರ್ಟೆಲ್, ರೂಬೆನ್ ರ್ವಾಂಜಗಿರೆ ಎಂಬ ಸ್ಥಳೀಯ ಮಾರ್ಗದರ್ಶಿಯ ಜೊತೆ ಅತಿಥಿಗಳನ್ನು ಬೆಟ್ಟಕ್ಕೆ ಕಳಿಸುತ್ತಿದ್ದ. ಇತಿಹಾಸದ ಪುಸ್ತಕಗಳಲ್ಲಿ ಹೋಟೆಲಿನವನಿಗೆ ಸಿಕ್ಕಷ್ಟು ಜಾಗ ರೂಬೆನ್‌ಗೆ ಸಿಕ್ಕಿಲ್ಲ. ಅದು ನನಗೆ ಸರಿಕಾಣುವುದಿಲ್ಲ. ಮುರಿದ ದಂಟು, ಮಣ್ಣಿನ ಮೇಲಿನ ಗೆಣ್ಣಿನ ಗುರುತು, ಲದ್ದಿಯ ಹಸಿ ನೋಡಿ ದಾರಿ ಹಿಡಿಯುವ ವಿದ್ಯೆ ಇಲ್ಲದಿದ್ದರೆ ಯಾರೂ ಏನನ್ನೂ ಕಾಣುತ್ತಿರಲಿಲ್ಲ. ಗೊರಿಲ್ಲಾಗಳು ಪ್ರತಿ ಸಂಜೆ ಸೊಪ್ಪುಸದೆ ಬಗ್ಗಿಸಿ ಹೊಸ ಹಾಸಿಗೆ ಮಾಡಿಕೊಳ್ಳುತ್ತವೆ. ಈಗಲೂ ಜಾಡುಗಾರರು ನಸುಕಿನಲ್ಲೇ ಹೊರಟು, ಹಿಂದಿನ ದಿನ ಅವುಗಳನ್ನು ಬಿಟ್ಟ ಜಾಗಕ್ಕೆ ಹೋಗಿ, ಆ ಹಾಸಿಗೆಗಳಿಂದ ಜಾಡು ಹಿಡಿದು ಹಿಂದೆ ಬರುವವರಿಗೆ ಸುದ್ದಿ ಮುಟ್ಟಿಸುತ್ತಾರೆ.

1959ರಲ್ಲಿ ಬಂದ ಪ್ರಾಣಿಶಾಸ್ತ್ರಜ್ಞ ಜಾರ್ಜ್ ಶಾಲರ್ ಇನ್ನೊಂದನ್ನು ಕಲಿಸಿದ: ಅಡಗಬಾರದು. ಪೊದೆಯ ಮರೆಯಿಂದ ಕದ್ದು ನೋಡುವವನನ್ನು ಕಂಡರೆ ಗೊರಿಲ್ಲಾಕ್ಕೆ ದಿಗಿಲು. ಆತ ಒಬ್ಬನೇ, ನಿಧಾನವಾಗಿ, ಅವುಗಳ ಕಣ್ಣಿಗೆ ಬೀಳುವಂತೆಯೇ ಹೋಗಿ ಕೂರುತ್ತಿದ್ದ, ದಿಟ್ಟಿಸುತ್ತಿರಲಿಲ್ಲ. ದಿನಗಳು ಕಳೆದಂತೆ ಅವು ಅವನನ್ನು ಸಹಿಸಿಕೊಂಡವು. 1967ರಲ್ಲಿ ರುವಾಂಡಾದಲ್ಲಿ ಕರಿಸೋಕೆ ಸಂಶೋಧನಾ ಶಿಬಿರ ಹೂಡಿದ ಡಯಾನ್ ಫಾಸಿ ಇನ್ನೂ ಮುಂದೆ ಹೋಗಿ ಅವುಗಳಂತೆ ಗಂಟಲಲ್ಲಿ ಗುರುಗುಟ್ಟಿದಳು, ಕಾಡು ಸೆಲರಿಯ ದಂಟು ಅಗಿದಳು. ‘ಬಗ್ಗಿ ಕೂತುಕೊಳ್ಳಿ, ಕಣ್ಣಲ್ಲಿ ಕಣ್ಣಿಡಬೇಡಿ’ ಎಂದು ಇಂದಿನ ಮಾರ್ಗದರ್ಶಿಗಳು ಹೇಳಿಕೊಡುವಾಗ, ಗಂಟಲು ಸರಿಮಾಡಿದಂಥ ಆ ಸದ್ದನ್ನು ತಾವೂ ಮಾಡುವಾಗ, ಈ ಪಾಠವೇ ಮುಂದುವರಿಯುತ್ತದೆ.

1977ರ ಕೊನೆಯ ದಿನ ಕಳ್ಳಬೇಟೆಗಾರರು ಫಾಸಿಯ ಅಚ್ಚುಮೆಚ್ಚಿನ ಗೊರಿಲ್ಲಾ ಡಿಜಿಟ್‌ನನ್ನು ಕೊಂದು ತಲೆ, ಕೈಗಳನ್ನು ಕೊಯ್ದೊಯ್ದರು. ರುವಾಂಡಾದಲ್ಲಿ ಕಾಡು ಕಡಿದು ದನ ಸಾಕುವ ಯೋಜನೆಯ ಮಾತೂ ನಡೆದಿತ್ತು. ಆಗ ಬಿಲ್ ವೆಬರ್, ಏಮಿ ವೆಡರ್ ಎಂಬ ಸಂಶೋಧಕ ದಂಪತಿ, ಗೊರಿಲ್ಲಾ ನೋಡಲು ಬರುವವರ ದುಡ್ಡಿನಿಂದಲೇ ಕಾಡು ಉಳಿಯಬಹುದೆಂದು ವಾದಿಸಿದರು. ಫಾಸಿಗೆ ಪ್ರವಾಸಿಗರೆಂದರೆ ಆಗುತ್ತಿರಲಿಲ್ಲ. ಆದರೂ 1979ರಲ್ಲಿ ಆ ಪ್ರಯೋಗ ಶುರುವಾಯಿತು. ಬ್ವಿಂಡಿಗೆ ಅದು 1993ರಲ್ಲಿ ಬಂತು. ಫಾಸಿಯ ಆತಂಕವನ್ನು ನಾನು ತಳ್ಳಿಹಾಕಲಾರೆ. 1988ರಲ್ಲಿ ಗೊರಿಲ್ಲಾಗಳಲ್ಲಿ ಉಸಿರಾಟದ ರೋಗ ಹರಡಿದಾಗ ದಡಾರವಿರಬಹುದೆಂದು ಶಂಕಿಸಿ ಹಲವಕ್ಕೆ ಲಸಿಕೆ ಚುಚ್ಚಬೇಕಾಯಿತು. ನಮ್ಮ ಒಂದು ಸೀನಿನಿಂದ ಇಡೀ ಕುಟುಂಬವೇ ಮಲಗಬಹುದು. ಅವುಗಳಿಂದ ದೂರ ನಿಲ್ಲಬೇಕೆಂಬ ಲೆಕ್ಕ, ಮಾಸ್ಕು, ವಯಸ್ಸಿನ ಮಿತಿ, ಒಂದೇ ಗಂಟೆಯ ಕಟ್ಟುಪಾಡು ಎಲ್ಲದರ ಹಿಂದೆಯೂ ಈ ಭಯವಿದೆ. ಹಾಗಾಗಿ ಕೆಮ್ಮಿದ್ದರೂ ಮಾತ್ರೆ ನುಂಗಿ ಕಾಡಿಗೆ ಹೋಗುವವರ ಮೇಲೆ ನನಗೆ ಸಿಟ್ಟು. 2018ರವರೆಗಿನ ಗಣತಿಗಳನ್ನು ಕೂಡಿಸಿದಾಗ ಸಿಕ್ಕ ಬೆಟ್ಟದ ಗೊರಿಲ್ಲಾಗಳು ಬರೀ 1,063. ಅದೇ ದೊಡ್ಡ ಗೆಲುವು. 80ರ ದಶಕದ ಆರಂಭದಲ್ಲಿ ಅವುಗಳ ಇನ್ನೊಂದು ನೆಲೆಯಾದ ವಿರುಂಗಾ ಪರ್ವತಸಾಲಿನಲ್ಲಿ ಸುಮಾರು 250 ಉಳಿದಿದ್ದವು.

ಈ ಗೆಲುವಿಗೆ ಬೆಲೆ ತೆತ್ತವರ ಮಾತು ಮಾತ್ರ ಸೂಚನೆಗಳ ಪುಟದಲ್ಲಿಲ್ಲ. 1991ರಲ್ಲಿ ಬ್ವಿಂಡಿ ರಾಷ್ಟ್ರೀಯ ಉದ್ಯಾನವಾದಾಗ ತಲೆತಲಾಂತರದಿಂದ ಜೇನು, ಗೆಡ್ಡೆ, ಬೇಟೆ ನಂಬಿ ಆ ಕಾಡಿನಲ್ಲಿ ಬದುಕಿದ್ದ ಬತ್ವಾ ಜನರಿಗೆ ಕಾಡಿನ ಬಾಗಿಲು ಮುಚ್ಚಿತು. ಹೆಚ್ಚಿನವರಿಗೆ ಭೂಮಿಯಿಲ್ಲ, ಪರಿಹಾರವೂ ದೊರಕಲಿಲ್ಲ. 2021ರಲ್ಲಿ ಉಗಾಂಡಾದ ಸಾಂವಿಧಾನಿಕ ನ್ಯಾಯಾಲಯ ಅವರ ಪರವಾಗಿ ತೀರ್ಪು ಕೊಟ್ಟಿತು. ನಮ್ಮ ನಾಗರಹೊಳೆಯ ಜೇನುಕುರುಬರ ಕತೆ ಗೊತ್ತಿರುವ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬತ್ವಾ ಹಿರಿಯರು ತಮ್ಮ ಹಳೆಯ ಬದುಕನ್ನು ತೋರಿಸುತ್ತ ನಡೆಸುವ ಒಂದು ನಡಿಗೆಯಿದೆ. ಚಾರಣಕ್ಕೆ ಒಂದು ದಿನ ಮುಂಚೆಯೇ ಹೋಗಿ, ಮೊದಲು ಅವರ ಜೊತೆ ನಡೆಯುವುದೆಂದು ಗೊತ್ತುಮಾಡಿಕೊಂಡಿದ್ದೇನೆ. ಅದರ ಹಣ ನೇರವಾಗಿ ಅವರ ಕೈಗೇ ಸೇರುತ್ತದೆಯೇ ಎಂದು ಕೇಳಿ ಬರೆದಿದ್ದೇನೆ, ಉತ್ತರ ಇನ್ನೂ ಬರಬೇಕು.