ಸಮೋವ ದ್ವೀಪಗಳು

ದಕ್ಷಿಣ ಪೆಸಿಫಿಕ್ ಸಾಗರದಲ್ಲಿ, ಹವಾಯಿ ಮತ್ತು ನ್ಯೂಜಿಲೆಂಡುಗಳ ನಡುವೆ ಇರುವ ಜ್ವಾಲಾಮುಖಿ ದ್ವೀಪಮಾಲೆ. ಒಂದೇ ಜನ, ಒಂದೇ ಭಾಷೆ. ಆಡಳಿತ ಮಾತ್ರ ಎರಡು. ಪಶ್ಚಿಮದ ಸವಾಯಿ, ಉಪೋಲು ಮತ್ತು ಅವುಗಳ ಬದಿಯ ಕಿರುದ್ವೀಪಗಳು ಸ್ವತಂತ್ರ ಸಮೋವ ರಾಷ್ಟ್ರ. ರಾಜಧಾನಿ ಆಪಿಯ, ಜನಸಂಖ್ಯೆ ಸುಮಾರು 2 ಲಕ್ಷ. ಪೂರ್ವದ ಟುಟುಯಿಲ ಮತ್ತು ಮನುವಾ ದ್ವೀಪಗಳು ಅಮೆರಿಕನ್ ಸಮೋವ. 2020ರ ಜನಗಣತಿಯಂತೆ ಅಲ್ಲಿ 50,000ಕ್ಕೆ ತುಸು ಕಡಿಮೆ ಜನರಿದ್ದಾರೆ.

ಸುಮಾರು 2,800 ವರ್ಷಗಳ ಹಿಂದೆ ಲಪೀಟ ಸಂಸ್ಕೃತಿಯ ನಾವಿಕರು ಇಲ್ಲಿ ನೆಲೆಸಿದರು. ಅವರ ಮಡಕೆಯ ಚೂರುಗಳು ಉಪೋಲುವಿನ ಮುಲಿಫನುವ ಬಳಿ, ಈಗ ಕಡಲು ನುಂಗಿರುವ ನೆಲದಲ್ಲಿ ದೊರೆತಿವೆ. 1830ರಲ್ಲಿ ಪಾದ್ರಿ ಜಾನ್ ವಿಲಿಯಮ್ಸ್ ಬಂದ ಮೇಲೆ ಕ್ರೈಸ್ತಮತ ಬೇಗ ಹಬ್ಬಿತು.

ಕೊಬ್ಬರಿ ವ್ಯಾಪಾರ ಮತ್ತು ಬಂದರುಗಳ ಆಸೆಯಿಂದ ಜರ್ಮನಿ, ಬ್ರಿಟನ್, ಅಮೆರಿಕಗಳು ಇಲ್ಲಿ ಪೈಪೋಟಿಗಿಳಿದು, ಸ್ಥಳೀಯ ಅಧಿಕಾರಕಲಹಗಳಲ್ಲಿ ಒಂದೊಂದು ಪಕ್ಷ ವಹಿಸಿದವು. 1889ರ ಮಾರ್ಚಿನಲ್ಲಿ ಆಪಿಯ ಬಂದರಿನಲ್ಲಿ ಎದುರುಬದುರಾಗಿ ನಿಂತಿದ್ದ ಯುದ್ಧನೌಕೆಗಳನ್ನು ಚಂಡಮಾರುತ ಒಡೆದುಹಾಕಿತು. ಆದರೂ ಪೈಪೋಟಿ ನಿಲ್ಲಲಿಲ್ಲ. 1899ರ ಒಪ್ಪಂದದಲ್ಲಿ ಪಶ್ಚಿಮ ಭಾಗ ಜರ್ಮನಿಗೆ, ಪೂರ್ವ ಭಾಗ ಅಮೆರಿಕಕ್ಕೆ ಹೋಯಿತು. ಬ್ರಿಟನ್ ಬೇರೆಡೆ ಹಕ್ಕು ಪಡೆದು ಹಿಂದೆ ಸರಿಯಿತು. ಈ ಹಂಚಿಕೆಗೆ ಸಮೋವದವರ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಟುಟುಯಿಲದ ಮುಖ್ಯಸ್ಥರು ಒಪ್ಪಿಗೆಪತ್ರಕ್ಕೆ ಸಹಿ ಮಾಡಿದ್ದು 1900ರಲ್ಲಿ, ಮನುವಾದ ಅರಸ ಮಾಡಿದ್ದು 1904ರಲ್ಲಿ.

ಭೂಪಟದ ಮೇಲೆ ಎಳೆದ ಈ ಗೆರೆ ಸಾವು ಬದುಕುಗಳನ್ನು ನಿರ್ಧರಿಸಿದ್ದು 1918ರಲ್ಲಿ. 1914ರಲ್ಲೇ ನ್ಯೂಜಿಲೆಂಡ್ ಪಶ್ಚಿಮ ಭಾಗವನ್ನು ಜರ್ಮನಿಯಿಂದ ವಶಪಡಿಸಿಕೊಂಡಿತ್ತು. 1918ರ ನವೆಂಬರ್ 7ರಂದು ಆಕ್ಲೆಂಡಿನಿಂದ ಬಂದ 'ತಲೂನೆ' ಹಡಗಿನಲ್ಲಿ ಜ್ವರಪೀಡಿತರಿದ್ದರೂ ಪ್ರಯಾಣಿಕರನ್ನು ಆಪಿಯದಲ್ಲಿ ಇಳಿಯಲು ಬಿಟ್ಟರು. ಕೆಲವೇ ವಾರಗಳಲ್ಲಿ ಇನ್‌ಫ್ಲುಯೆಂಜ ಸುಮಾರು 8,500 ಜನರನ್ನು, ಎಂದರೆ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಯನ್ನು ಬಲಿ ತೆಗೆದುಕೊಂಡಿತು. ಸತ್ತವರಲ್ಲಿ ಊರಿನ ಹಿರಿಯರು ಬಹಳ. ಅವರೊಂದಿಗೆ ವಂಶಾವಳಿ, ಭಾಷಣಕಲೆಗಳ ತಿಳಿವಳಿಕೆಯೂ ಅಳಿಯಿತು. ಅತ್ತ ಅಮೆರಿಕನ್ ಸಮೋವದಲ್ಲಿ ಗವರ್ನರ್ ಜಾನ್ ಪೋಯರ್ ಹಡಗುಗಳನ್ನು ಕಟ್ಟುನಿಟ್ಟಾಗಿ ತಡೆದರು. ಅಲ್ಲಿ ಈ ರೋಗದಿಂದ ಒಬ್ಬರೂ ಸಾಯಲಿಲ್ಲ.

ಈ ದುಃಖ ಮತ್ತು ಸಿಟ್ಟು ನ್ಯೂಜಿಲೆಂಡ್ ಆಡಳಿತದ ವಿರುದ್ಧದ 'ಮಾವು' ಎಂಬ ಅಹಿಂಸಾತ್ಮಕ ಚಳವಳಿಗೆ ಬಲ ಕೊಟ್ಟವು. 1929ರ ಡಿಸೆಂಬರ್ 28ರಂದು ಆಪಿಯದ ಮೆರವಣಿಗೆಯ ಮೇಲೆ ಪೊಲೀಸರು ಗುಂಡು ಹಾರಿಸಿದರು. ಚಳವಳಿಯ ನಾಯಕ ತಾಮಸೇಸೆ ಲೆಅಲೋಫಿ ಗುಂಡೇಟು ತಿಂದು ಮರುದಿನ ತೀರಿಕೊಂಡರು. ಸೇಡು ತೀರಿಸಿಕೊಳ್ಳಬೇಡಿ ಎಂಬುದು ಅವರ ಕೊನೆಯ ಕೋರಿಕೆಯಾಗಿತ್ತು. 1962ರ ಜನವರಿ 1ರಂದು ಪಶ್ಚಿಮ ಸಮೋವ ಸ್ವತಂತ್ರವಾಯಿತು. 1997ರಲ್ಲಿ ಅದು ತನ್ನ ಹೆಸರಿನಿಂದ 'ಪಶ್ಚಿಮ' ಪದವನ್ನು ಕೈಬಿಟ್ಟಿತು. ತನ್ನ ಆಡಳಿತಕಾಲದ ತಪ್ಪುಗಳಿಗಾಗಿ ನ್ಯೂಜಿಲೆಂಡ್ 2002ರಲ್ಲಿ ಕ್ಷಮೆ ಕೇಳಿತು.

ಎರಡೂ ಕಡೆ ಬದುಕಿನ ಬುನಾದಿ 'ಆಯಿಂಗ', ಎಂದರೆ ದೊಡ್ಡ ಕುಟುಂಬ. ಅದರ ಸದಸ್ಯರು ಕೂಡಿ ಒಬ್ಬರನ್ನು 'ಮತಾಯಿ' ಎಂದು ಆರಿಸಿ ಮನೆತನದ ಬಿರುದು ಕೊಡುತ್ತಾರೆ. ಕುಟುಂಬದ ಜಮೀನು ಮತಾಯಿಯ ಮೇಲ್ವಿಚಾರಣೆಯಲ್ಲಿರುತ್ತದೆ. ಎರಡೂ ಸಮೋವಗಳ ಬಹುಪಾಲು ನೆಲ ಇಂದಿಗೂ ಸಮುದಾಯದ್ದೇ. ಸ್ವತಂತ್ರ ಸಮೋವದಲ್ಲಿ 1990ರ ಜನಮತದ ನಂತರ ವಯಸ್ಕರೆಲ್ಲರಿಗೂ ಮತದಾನದ ಹಕ್ಕು ಬಂದರೂ ಸಂಸತ್ತಿಗೆ ನಿಲ್ಲುವ ಹಕ್ಕು ಮತಾಯಿಗಳಿಗೆ ಮಾತ್ರ. ಕೆಸುವಿನ ಗೆಡ್ಡೆ, ಜೀಗುಜ್ಜೆ, ತೆಂಗು ಇಲ್ಲಿನ ಮೂಲ ಆಹಾರ. ಕೇದಗೆ ಜಾತಿಯ ಗಿಡದ ಎಲೆಗಳನ್ನು ಕೂದಲಿನಷ್ಟು ಸಣ್ಣಗೆ ಸೀಳಿ ಹೆಂಗಸರು ತಿಂಗಳುಗಟ್ಟಲೆ ಹೆಣೆಯುವ ಚಾಪೆ ಹಾಸುವುದಕ್ಕಲ್ಲ. ಮದುವೆ, ಸಾವು, ಬಿರುದು ಪ್ರದಾನಗಳಲ್ಲಿ ಕೈಯಿಂದ ಕೈಗೆ ಸಾಗುವ ಸಂಪತ್ತು ಅದು. 2019ರಲ್ಲಿ ಯುನೆಸ್ಕೊ ಈ ಕಲೆಯನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಗಂಡಸರು ಸೊಂಟದಿಂದ ಮಂಡಿಯವರೆಗೆ ಹಾಕಿಸಿಕೊಳ್ಳುವ 'ಪೆಅ' ಹಚ್ಚೆ, ಪಾದ್ರಿಗಳ ವಿರೋಧವನ್ನೂ ದಾಟಿ ಎಡೆಬಿಡದೆ ಉಳಿದುಬಂದಿದೆ.

ಆಸ್ಟ್ರೇಲಿಯ, ನ್ಯೂಜಿಲೆಂಡುಗಳ ಜೊತೆಗಿನ ವ್ಯಾಪಾರಕ್ಕೆ ಅನುಕೂಲವಾಗಲೆಂದು ಸ್ವತಂತ್ರ ಸಮೋವ 2011ರ ಡಿಸೆಂಬರ್ 30ನ್ನು ಕ್ಯಾಲೆಂಡರಿನಿಂದ ಬಿಟ್ಟು ದಿನಾಂಕರೇಖೆಯ ಆಚೆಗೆ ಸರಿಯಿತು. ಹೀಗಾಗಿ ವಿಮಾನದಲ್ಲಿ ಒಂದು ಗಂಟೆಗೂ ಕಡಿಮೆ ದೂರದಲ್ಲಿರುವ ಎರಡೂ ಸಮೋವಗಳ ಬಂಧುಗಳ ನಡುವೆ ಒಂದಿಡೀ ದಿನದ ಅಂತರ ಬಂದಿದೆ. ಅಮೆರಿಕನ್ ಸಮೋವದಲ್ಲಿ ಹುಟ್ಟಿದವರಿಗೆ ಅಮೆರಿಕದ ಪಾಸ್‌ಪೋರ್ಟ್ ಉಂಟು, ಹುಟ್ಟಿನಿಂದ ಬರುವ ಪೌರತ್ವ ಇಲ್ಲ. ಆ ಪೌರತ್ವಕ್ಕಾಗಿ ಕೆಲವರು ಹೂಡಿದ ಮೊಕದ್ದಮೆಯನ್ನು ಅಲ್ಲಿನ ಸರ್ಕಾರವೇ ವಿರೋಧಿಸಿತು: ಅಮೆರಿಕದ ಸಂವಿಧಾನ ಪೂರ್ತಿಯಾಗಿ ಅನ್ವಯವಾದರೆ, ಸಮೋವ ಮೂಲದವರಲ್ಲದವರಿಗೆ ಜಮೀನು ಹೋಗದಂತೆ ತಡೆದಿರುವ ಕಾನೂನು ಬಿದ್ದುಹೋಗಬಹುದೆಂಬುದು ಅದರ ಆತಂಕ. 2022ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ಮೊಕದ್ದಮೆಯ ವಿಚಾರಣೆಗೆ ನಿರಾಕರಿಸಿತು.