ಊರಿಗೆಲ್ಲ ಡಂಗುರವಾದ ಟಿಪ್ಪುವಿನ ಗುಟ್ಟು

1798ರ ಜನವರಿ 30ರಂದು ಮಾರಿಷಸ್ಸಿನ ಪೋರ್ಟ್ ಲೂಯಿ ಬಂದರಿನಲ್ಲಿ, ಜನ ಸೇರುವ ಕಡೆಯಲ್ಲೆಲ್ಲ ಒಂದು ಘೋಷಣಾಪತ್ರ ಅಂಟಿಸಲಾಯಿತು. ಹೊರಡಿಸಿದವನು ದ್ವೀಪದ ಫ್ರೆಂಚ್ ಗವರ್ನರ್ ಮಾಲಾರ್ತಿಕ್. ಮೈಸೂರಿನ ಟಿಪ್ಪು ಸುಲ್ತಾನ ಇಬ್ಬರು ರಾಯಭಾರಿಗಳನ್ನು ಕಳುಹಿಸಿದ್ದಾನೆ, ಫ್ರಾನ್ಸಿನೊಡನೆ ಮೈತ್ರಿ ಬಯಸಿದ್ದಾನೆ, ಇಂಗ್ಲಿಷರನ್ನು ಇಂಡಿಯಾದಿಂದ ಓಡಿಸಲು ಫ್ರೆಂಚ್ ಪಡೆ ಬರುವುದನ್ನೇ ಕಾಯುತ್ತಿದ್ದಾನೆ, ಮನಸ್ಸಿದ್ದವರು ಬಂದು ಹೆಸರು ಬರೆಸಿರಿ ಎಂಬುದು ಅದರ ಸಾರ. ಬಂದವರಿಗೆ ಸುಲ್ತಾನ ಸಂಬಳ ಕೊಡುತ್ತಾನೆ, ಬೇಕಾದ್ದನ್ನೆಲ್ಲ ಒದಗಿಸುತ್ತಾನೆ, ಆದರೆ ವೈನ್ ಮಾತ್ರ ಅವನ ಬಳಿ ಇಲ್ಲ ಎಂಬ ವಿವರವನ್ನೂ ಗವರ್ನರ್ ಮರೆಯದೆ ಸೇರಿಸಿದ್ದ.

ಶ್ರೀರಂಗಪಟ್ಟಣದ ಅರಮನೆಯಲ್ಲಿ ಕೆಲವೇ ಜನರ ನಡುವೆ ನಡೆದ ಮಾತು ಹೀಗೆ ಸಮುದ್ರದಾಚೆಯ ಬಂದರಿನ ಬೀದಿಯಲ್ಲಿ ಬಯಲಾಯಿತು. ರಾಜತಾಂತ್ರಿಕ ಗುಟ್ಟನ್ನು ಕಳ್ಳ, ಗೂಢಚಾರ ಅಥವಾ ಲಂಚಕೋರ ಗುಮಾಸ್ತ ಹೊರಹಾಕಿದ ಪ್ರಸಂಗಗಳು ಚರಿತ್ರೆಯಲ್ಲಿ ಹೇರಳ. ಇಲ್ಲಿ ಹೊರಹಾಕಿದವನು ಸ್ನೇಹ ಕೋರಿಸಿಕೊಂಡವನೇ.

ಟಿಪ್ಪು ಈ ಸಾಹಸಕ್ಕೆ ಇಳಿದದ್ದು ಯಾಕೆಂದು ತಿಳಿಯಲು ಆರು ವರ್ಷ ಹಿಂದಕ್ಕೆ ಹೋಗಬೇಕು. 1792ರಲ್ಲಿ ಯುದ್ಧ ಸೋತು ಮಾಡಿಕೊಂಡ ಒಪ್ಪಂದದಲ್ಲಿ ಅವನು ಅರ್ಧ ರಾಜ್ಯ ಕಳೆದುಕೊಂಡಿದ್ದ. ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡ ತೆರಲು ಒಪ್ಪಿ, ಇಬ್ಬರು ಮಕ್ಕಳನ್ನು ಇಂಗ್ಲಿಷರಿಗೆ ಒತ್ತೆಯಿಟ್ಟಿದ್ದ. ಮರಾಠರೂ ಹೈದರಾಬಾದಿನ ನಿಜಾಮನೂ ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಯ ಜೊತೆಗಿದ್ದರು. 1797ರಲ್ಲಿ ರಿಪೋ ಎಂಬ ಫ್ರೆಂಚ್ ನಾವಿಕ ಕೆಟ್ಟುಹೋದ ಹಡಗಿನೊಂದಿಗೆ ಮಂಗಳೂರು ಸೇರಿದ. ಶತ್ರು ಹಡಗುಗಳನ್ನು ದೋಚುವುದೇ ಅವನ ಕಸುಬು. ತಾನು ಮಾರಿಷಸ್ ಸರಕಾರದ ಪ್ರತಿನಿಧಿ, ಅಲ್ಲಿ ಹತ್ತು ಸಾವಿರ ಫ್ರೆಂಚ್ ಸಿಪಾಯಿಗಳು ಹಡಗು ಹತ್ತಲು ಕಾದಿದ್ದಾರೆ ಎಂದು ಅವನು ಹೇಳಿಕೊಂಡ. ಇವನನ್ನು ನಂಬಬೇಡಿ ಎಂದು ದರ್ಬಾರಿನ ಹಿರಿಯರು ಎಚ್ಚರಿಸಿದರೂ ಟಿಪ್ಪು ನಂಬಿದ. ನೆರೆಹೊರೆಯಲ್ಲಿ ಒಬ್ಬ ಮಿತ್ರನೂ ಉಳಿಯದ ದೊರೆಗೆ ಆ ಹತ್ತು ಸಾವಿರದ ಲೆಕ್ಕ ಎಷ್ಟು ಸಿಹಿಯಾಗಿ ಕೇಳಿಸಿತೋ!

ಹಸನ್ ಅಲಿ ಮತ್ತು ಶೇಖ್ ಇಬ್ರಾಹಿಂ ಎಂಬಿಬ್ಬರನ್ನು ಅವನು ರಿಪೋ ಜೊತೆ ಮಂಗಳೂರಿನಿಂದ ಕಳುಹಿಸಿದ. ವ್ಯಾಪಾರಿಗಳ ಸೋಗಿನಲ್ಲಿ ಹೋಗಬೇಕು, ಬಂದ ಕಾರಣ ಯಾರಿಗೂ ತಿಳಿಯಕೂಡದು ಎಂಬುದು ಅವರಿಗಿದ್ದ ಕಟ್ಟಪ್ಪಣೆ. ಪೋರ್ಟ್ ಲೂಯಿಯಲ್ಲಿ ಆದದ್ದೇ ಬೇರೆ. ಸುದ್ದಿ ಮುಟ್ಟಿದ ಕೂಡಲೇ ಮಾಲಾರ್ತಿಕ್ ತೋಪು ಹಾರಿಸಿ, ಊರೆಲ್ಲ ನೋಡುವಂತೆ ಅವರನ್ನು ಬರಮಾಡಿಕೊಂಡ. ಹತ್ತು ಸಾವಿರ ಸೈನಿಕರಿರಲಿ, ಕೊಡುವುದಕ್ಕೆ ಒಂದು ಸಣ್ಣ ಪಡೆಯೂ ಅವನ ಬಳಿ ಇರಲಿಲ್ಲ. ಗುಲಾಮಗಿರಿ ರದ್ದು ಮಾಡಲೆಂದು ಪ್ಯಾರಿಸ್ಸಿನಿಂದ 1796ರಲ್ಲಿ ಬಂದಿದ್ದ ಅಧಿಕಾರಿಗಳನ್ನೇ ದ್ವೀಪದ ತೋಟಗಾರರು ಹಿಂದಕ್ಕೆ ಅಟ್ಟಿದ್ದರು. ತಾಯ್ನಾಡಿನ ನೆರವು ಅವನಿಗೆ ದೂರದ ಮಾತಾಗಿತ್ತು. ಹಾಗಾಗಿ ಸ್ವಯಂಸೇವಕರನ್ನು ಕೂಗಿ ಕರೆದ. ಈ ಪ್ರಕಟಣೆ ಸಲ್ಲದು, ನಾವು ಬಂದದ್ದು ದೊಡ್ಡ ಸೈನ್ಯ ಕೇಳಲು, ಹೀಗೆ ಜನ ಕೂಡಿಸಲು ನಮಗೆ ಅಧಿಕಾರವಿಲ್ಲ ಎಂದು ರಾಯಭಾರಿಗಳು ಅಂಗಲಾಚಿದರೂ ಪ್ರಯೋಜನವಾಗಲಿಲ್ಲ. ಅಷ್ಟೆಲ್ಲ ಡಂಗುರ ಸಾರಿ ಸಿಕ್ಕಿದ್ದು ನೂರರ ಆಸುಪಾಸು ಜನ. ‘ಲಾ ಪ್ರೆನ್ಯೂಸ್’ ಎಂಬ ಯುದ್ಧನೌಕೆ ಅವರನ್ನು ಏಪ್ರಿಲ್ 26ರಂದು ಮಂಗಳೂರಿನಲ್ಲಿ ಇಳಿಸಿತು. ಅದೇ ದಿನ ಹೊಸ ಗವರ್ನರ್ ಜನರಲ್ ಲಾರ್ಡ್ ಮಾರ್ನಿಂಗ್ಟನ್ ಮದ್ರಾಸಿಗೆ ಬಂದಿಳಿದ. ಮುಂದೆ ವೆಲ್ಲೆಸ್ಲಿ ಎಂದು ಹೆಸರಾದವನು ಇವನೇ.

ಜೂನ್ 8ರಂದು ಆ ಘೋಷಣಾಪತ್ರ ಕಲ್ಕತ್ತೆಯ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಮಾರ್ನಿಂಗ್ಟನ್ ಮೊದಲು ಅದನ್ನು ನಂಬಲಿಲ್ಲ. ಇಂಥ ಗುಟ್ಟನ್ನು ಫ್ರೆಂಚರು ತಾವಾಗಿಯೇ ಸಾರಿಕೊಳ್ಳುವುದುಂಟೇ ಎಂಬ ಅನುಮಾನ ಅವನದು. ಹತ್ತು ದಿನ ಕಳೆಯುವುದರೊಳಗೆ ದಕ್ಷಿಣ ಆಫ್ರಿಕದ ಕೇಪ್‌ನ ಬ್ರಿಟಿಷ್ ಗವರ್ನರನಿಂದ ಅದರ ಪ್ರತಿಯೇ ಬಂತು. ಮಾರಿಷಸ್ಸಿನಿಂದ ಬಂದಿದ್ದವರನ್ನು ಕರೆಸಿ, ಪ್ರಮಾಣ ಮಾಡಿಸಿ ಹೇಳಿಕೆ ಪಡೆದದ್ದೂ ಆಯಿತು. ಜೂನ್ 20ಕ್ಕೆ ಮದ್ರಾಸಿನ ಜನರಲ್ ಹ್ಯಾರಿಸ್‌ಗೆ ಸೈನ್ಯ ಅಣಿಗೊಳಿಸಲು ಆಜ್ಞೆ ಹೋಯಿತು.

ಆಮೇಲೆ ನಡೆದದ್ದು ಈ ಕಥೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಗಮನಿಸಬೇಕಾದ ಭಾಗ. ಗುಟ್ಟು ಕೈಗೆ ಬಂದಿದೆ ಎಂಬುದನ್ನು ಮಾರ್ನಿಂಗ್ಟನ್ ಐದು ತಿಂಗಳು ಟಿಪ್ಪುವಿಗೆ ತಿಳಿಸಲಿಲ್ಲ. ಅದೇ ಮಳೆಗಾಲದಲ್ಲಿ ವಿವಾದದಲ್ಲಿದ್ದ ವಯನಾಡಿನ ವಿಷಯದಲ್ಲಿ ಸುಲ್ತಾನನ ಹಕ್ಕು ಒಪ್ಪಿಕೊಂಡು ಸ್ನೇಹದ ಕಾಗದ ಬರೆದ. ಇತ್ತ ಸದ್ದಿಲ್ಲದೆ ನಿಜಾಮನೊಡನೆ ಒಪ್ಪಂದ ಮಾಡಿಕೊಂಡು, ಹೈದರಾಬಾದಿನಲ್ಲಿದ್ದ ಫ್ರೆಂಚ್ ಅಧಿಕಾರಿಗಳ ಕೈಕೆಳಗಿನ ದೊಡ್ಡ ಪಡೆಯನ್ನು ಅಕ್ಟೋಬರಿನಲ್ಲಿ ನಿರಾಯುಧಗೊಳಿಸಿದ. ದಾರಿ ಸಾಫಾದ ಮೇಲೆ, ನವೆಂಬರ್ 8ರ ಪತ್ರದಲ್ಲಿ, ನಿಮ್ಮ ಫ್ರೆಂಚ್ ವ್ಯವಹಾರ ನಮಗೆ ಗೊತ್ತು ಎಂದು ತಿಳಿಸಿದ. ಬಯಲಾದ ಗುಟ್ಟನ್ನು ಮತ್ತೆ ಗುಟ್ಟಾಗಿಟ್ಟುಕೊಂಡು, ಬೇಕಾದ ಗಳಿಗೆಯಲ್ಲಿ ಹೊರತೆಗೆಯುವ ಈ ವಿದ್ಯೆಯಲ್ಲಿ ಮಾರ್ನಿಂಗ್ಟನ್ ಪಳಗಿದ ಕೈ. ನೋವಾಗುವುದೂ ಇಲ್ಲೇ. ಯುದ್ಧ ತಪ್ಪಿಸುವುದೇ ಅವನ ಉದ್ದೇಶವಾಗಿದ್ದರೆ ಜೂನ್‌ನಲ್ಲೇ ಟಿಪ್ಪುವನ್ನು ಕೇಳಬಹುದಿತ್ತು. ಮಂಗಳೂರಿನಲ್ಲಿ ಇಳಿದದ್ದು ಸಣ್ಣ ಗುಂಪು ಮಾತ್ರ ಎಂಬುದೂ ಎದುರಿಗೇ ಇತ್ತು.

ಟಿಪ್ಪು ಕೊಟ್ಟ ಉತ್ತರ ಸಿಕ್ಕಿಬಿದ್ದವನ ಉತ್ತರವಾಗಿತ್ತು. ನಮ್ಮ ವ್ಯಾಪಾರಿಗಳ ಹಡಗೊಂದು ಅಕ್ಕಿ ತುಂಬಿಕೊಂಡು ಮಾರಿಷಸ್ಸಿಗೆ ಹೋಗಿತ್ತು, ಬರುವಾಗ ನಲವತ್ತು ಜನ ಬಾಡಿಗೆ ಕೊಟ್ಟು ಹತ್ತಿಕೊಂಡರು, ಅವರಲ್ಲಿ ಹತ್ತು ಹನ್ನೆರಡು ಮಂದಿ ಕುಶಲಕರ್ಮಿಗಳು, ಉಳಿದವರು ಆಳುಗಳು, ಈ ಸುಳ್ಳುಸುದ್ದಿ ಹಬ್ಬಿಸಿದವರು ಫ್ರೆಂಚರು ಎಂದು ಬರೆಸಿದ. ಮಾರ್ನಿಂಗ್ಟನ್ ಜನವರಿಯಲ್ಲಿ, ಪತ್ರ ತಲುಪಿದ ಒಂದೇ ದಿನದೊಳಗೆ ಉತ್ತರ ಬೇಕೆಂದು ಪಟ್ಟುಹಿಡಿದ. ಫೆಬ್ರವರಿಯಲ್ಲಿ ಹ್ಯಾರಿಸ್‌ನ ಸೈನ್ಯ ವೆಲ್ಲೂರಿನಿಂದ ಹೊರಟಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಹೋರಾಡುತ್ತಲೇ ಮಡಿದ.

ಘೋಷಣಾಪತ್ರ ಹೇಳಿದ್ದು ಬಹುಪಾಲು ನಿಜ. ಟಿಪ್ಪು ಫ್ರೆಂಚರ ನೆರವು ಕೇಳಿದ್ದ, ಇಂಗ್ಲಿಷರನ್ನು ಓಡಿಸುವುದು ಅವನ ಹಂಬಲವೂ ಆಗಿತ್ತು. ಅಚ್ಚು ಹಾಕಿದ ಕಲ್ಕತ್ತೆಯ ಪತ್ರಿಕೆಯದೂ ತಪ್ಪಿಲ್ಲ. ಆ ಹೊತ್ತಿಗೆ ಅದು ಬೀದಿಯ ಸುದ್ದಿ. ತಪ್ಪು ಮಾಲಾರ್ತಿಕ್‌ನದು. ಎರಡು ಕಡೆಯವರಿಗೆ ಸೇರಿದ ಗುಟ್ಟನ್ನು ಒಬ್ಬನೇ ಒಡೆಯನಂತೆ ಬಿಚ್ಚಿಟ್ಟ. ಅದರ ಏಟು ಬೀಳುವುದು ತನ್ನ ಮೇಲಲ್ಲ, ಕಡಲಾಚೆಯ ಮೈಸೂರಿನ ಮೇಲೆ ಎಂಬುದನ್ನು ಯೋಚಿಸಲಿಲ್ಲ. 1917ರ ನವೆಂಬರಿನಲ್ಲಿ ಕ್ರಾಂತಿಕಾರಿ ನಾಯಕ ಟ್ರಾಟ್ಸ್ಕಿ ರಷ್ಯದ ಚಕ್ರವರ್ತಿಯ ರಹಸ್ಯ ಒಪ್ಪಂದಗಳನ್ನು ಪ್ರಕಟಿಸಿದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಮಹಾಯುದ್ಧ ಗೆದ್ದ ಮೇಲೆ ಯಾವ ನೆಲ ಯಾರ ಪಾಲಿಗೆ ಎಂದು ಮಿತ್ರ ಸರಕಾರಗಳು ಆಗಲೇ ಹಂಚಿಕೊಂಡಿದ್ದವು. ಕಂದಕಗಳಲ್ಲಿ ಸಾಯುತ್ತಿದ್ದ ಸೈನಿಕರಿಗೆ ಅದರ ಸುಳಿವೇ ಇರಲಿಲ್ಲ. ಆ ಗುಟ್ಟು ಮುಚ್ಚಿಟ್ಟಿದ್ದು ಅವರಿಂದಲೇ, ಅದನ್ನು ತಿಳಿಯುವ ಹಕ್ಕೂ ಅವರದೇ. ಪೋರ್ಟ್ ಲೂಯಿಯ ಬೀದಿಯಲ್ಲಿ ನಿಂತು ಓದಿದವರಿಗೆ ಅಂಥ ಹಕ್ಕಿರಲಿಲ್ಲ.

ಯುದ್ಧ ಮುಗಿದ ಮೇಲೆ ಅರಮನೆಯ ದಫ್ತರವೇ ಕಂಪನಿಯ ಕೈಸೇರಿತು. ಟಿಪ್ಪು ಫ್ರೆಂಚರೊಡನೆ ನಡೆಸಿದ ಪತ್ರವ್ಯವಹಾರವನ್ನು ವೆಲ್ಲೆಸ್ಲಿ ಅದೇ ವರ್ಷ ಕಲ್ಕತ್ತೆಯಲ್ಲಿ ಇಂಗ್ಲಿಷಿಗೆ ಮಾಡಿಸಿ ಅಚ್ಚು ಹಾಕಿಸಿದ. ಯುದ್ಧ ನ್ಯಾಯವಾದದ್ದೆಂದು ಲಂಡನ್ನಿಗೆ ತೋರಿಸಬೇಕಿತ್ತು. ಕರ್ನಲ್ ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಟಿಪ್ಪುವಿನ ಪತ್ರಗಳ ಇನ್ನೊಂದು ಸಂಕಲನ ತಂದ. ಯಾವುದನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು ಎಂದು ಆರಿಸಿದವನು ಅವನೇ. ಟಿಪ್ಪು ಕ್ರೂರಿ, ಮತಾಂಧ ಎಂಬ ತೀರ್ಪು ಆ ಪುಸ್ತಕದ ಮುನ್ನುಡಿಯಲ್ಲೇ ಇದೆ.

ಅರಮನೆಯ ಅದೇ ದಫ್ತರದ ಕಟ್ಟುಗಳಲ್ಲಿ ಸಿಕ್ಕ ಒಂದು ಗೂಢಲಿಪಿಯ ಕೀಲಿ ಇನ್ನೊಂದು ರಾಜ್ಯವನ್ನೂ ನುಂಗಿತು. ಅದರಲ್ಲಿ ಇಂಗ್ಲಿಷರಿಗೆ ‘ತಾಜಾ ವಾರಿದ್’, ಅಂದರೆ ಹೊಸದಾಗಿ ಬಂದವರು ಎಂಬ ಗುಪ್ತನಾಮ. ನಿಜಾಮ ‘ಹೇಚ್’, ಏನೂ ಅಲ್ಲದವನು. ಮರಾಠರು ‘ಪೂಚ್’, ಹೀನರು. ಆರ್ಕಾಟಿನ ನವಾಬ ಮಹಮ್ಮದ್ ಅಲಿಗೆ ಮನುಕುಲದ ಹಿತೈಷಿ ಎಂಬ ಹೆಸರು. ಒತ್ತೆಯಿದ್ದ ಮಕ್ಕಳ ಜೊತೆ ಮದ್ರಾಸಿಗೆ ಹೋಗಿದ್ದ ಟಿಪ್ಪುವಿನ ಪ್ರತಿನಿಧಿಗಳು ಅಲ್ಲಿಂದ ಬರೆದ ಕಾಗದಗಳಲ್ಲಿ ನವಾಬನ ಸ್ನೇಹದ ಮಾತುಗಳ ವರದಿ ಇತ್ತು. ಇಷ್ಟನ್ನು ಆಧಾರ ಮಾಡಿಕೊಂಡು, ಮಹಮ್ಮದ್ ಅಲಿ ಮತ್ತು ಅವನ ಮಗ ಉಮ್ದತ್-ಉಲ್-ಉಮ್ರಾ ಇಬ್ಬರೂ ದ್ರೋಹಿಗಳೆಂದು ಕಂಪನಿ ತೀರ್ಮಾನಿಸಿತು. ತಂದೆ ಆಗಲೇ ತೀರಿಹೋಗಿದ್ದ. ಮಗ 1801ರ ಜುಲೈನಲ್ಲಿ ಮರಣಶಯ್ಯೆಯಲ್ಲಿದ್ದಾಗ ಕಂಪನಿಯ ಸಿಪಾಯಿಗಳು ಚೇಪಾಕ್ ಅರಮನೆಗೆ ಕಾವಲು ಹಾಕಿದರು. ಆರೋಪಕ್ಕೆ ಉತ್ತರ ಹೇಳುವ ಅವಕಾಶ ಅವನಿಗೆ ಸಿಗಲೇ ಇಲ್ಲ. ಅವನ ಮಗ ಕಂಪನಿಯ ಷರತ್ತಿಗೆ ಒಪ್ಪದಿದ್ದಾಗ ಒಪ್ಪುವ ಬಂಧುವೊಬ್ಬನನ್ನು ಹುಡುಕಿ ನಾಮಮಾತ್ರದ ನವಾಬನನ್ನಾಗಿ ಕೂರಿಸಿ, ನಾಡಿನ ಆಡಳಿತವನ್ನು ತಾನೇ ತೆಗೆದುಕೊಂಡಿತು. ಈ ಕಾಗದಗಳಿಂದ ಯಾವ ದ್ರೋಹವೂ ಸಾಬೀತಾಗುವುದಿಲ್ಲ ಎಂದು ಬ್ರಿಟಿಷನೇ ಆದ ಇತಿಹಾಸಕಾರ ಜೇಮ್ಸ್ ಮಿಲ್ ಬರೆದ. ಆದರೆ ಅವನ ಗ್ರಂಥ ಹೊರಬಂದದ್ದು 1817ರ ಹೊತ್ತಿಗೆ. ಅಷ್ಟರಲ್ಲಿ ಆರ್ಕಾಟಿನ ಕಂದಾಯ ಕಂಪನಿಯ ಖಜಾನೆ ಸೇರತೊಡಗಿ ಹದಿನಾರು ವರ್ಷವಾಗಿತ್ತು.