ಸೇಂದಿ, ಬಿಯರು ಮತ್ತು ‘ಮಿತ’ ಎಂಬ ಮಾತು

ಹೋದ ಬೇಸಿಗೆಯಲ್ಲಿ ಶಹಾಪುರಕ್ಕೆ ಹೋಗಿದ್ದೆ. ಸಂಜೆ ಬಿಸಿಲು ಇಳಿದ ಮೇಲೆ ಮಾಳಿಗೆ ಮೇಲೆ ಕೂತಿದ್ದೆವು. ದೂರದಲ್ಲಿ ಮಲಗಿದ ಬುದ್ಧನಂತೆ ಕಾಣುವ ನಮ್ಮ ಬೆಟ್ಟ. ಕಾಕಾನ ಮಗ ಮೆಲ್ಲಗೆ ಚೀಲದಿಂದ ತಣ್ಣನೆಯ ಬಿಯರ್ ಬಾಟಲಿಯೊಂದನ್ನು ತೆಗೆದ. ಮೂರು ತಿಂಗಳ ಹಿಂದಷ್ಟೇ ಕಿಡ್ನಿಯಲ್ಲಿ ಹರಳು ಅಂತ ನಾಲ್ಕು ದಿನ ಆಸ್ಪತ್ರೆಯಲ್ಲಿ ಹೊರಳಾಡಿ ಬಂದವನು ಆತ.

“ಇದೇನೋ ತಮ್ಮಾ?” ಅಂದೆ.

“ಔಷಧ ಅಣ್ಣಾ ಇದು. ಬಾರ್ಲಿ ನೀರು. ದಿನಾ ಒಂದು ಬಾಟ್ಲಿ ಕುಡದ್ರ ಹರಳು ತಾನೇ ಹೊರಗ ಬೀಳ್ತದ. ಮಿತದಾಗ ಕುಡದ್ರ ಏನೂ ಆಗಲ್ಲ.”

ಬಟ್ಟೆ ತೆಗೆಯಲು ಬಂದಿದ್ದ ಕಾಕಿ ಅಲ್ಲಿಂದಲೇ ಹೇಳಿದಳು, “ನಿಮ್ಮ ಮುತ್ಯಾನೂ ಹಿಂಗೇ ಅಂತಿದ್ದ. ಸೇಂದಿ ತಂಪು, ಮೈಗಿ ಛಲೋ ಅಂತ.”

ನಾನು ನಕ್ಕು ಸುಮ್ಮನಾದೆ. ಆದರೆ ಆ ‘ಮಿತ’ ಎಂಬ ಮಾತು ತಲೆಯೊಳಗೆ ಕೂತುಬಿಟ್ಟಿತು. ಮುತ್ಯಾನ ಮಿತ ಯಾವುದು, ಈ ತಮ್ಮನ ಮಿತ ಯಾವುದು? ಎರಡೂ ಒಂದೇನಾ? ಬೆಂಗಳೂರಿಗೆ ಮರಳಿದ ಮೇಲೆ ಇದರ ಹಿಂದೆ ಬಿದ್ದೆ. ಸಿಕ್ಕಿದ್ದನ್ನು ಇಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮಿತವಾಗಿ ಕುಡಿದರೆ ಒಳ್ಳೆಯದು ಎಂಬ ಮಾತು ಟಿವಿಯವರು ಹುಟ್ಟಿಸಿದ್ದಲ್ಲ, ಬಹಳ ಹಳೆಯದು. ಚರಕ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಮದ್ಯದ ರೋಗಗಳಿಗೇ ಒಂದು ಅಧ್ಯಾಯವಿದೆ, ‘ಮದಾತ್ಯಯ’ ಅಂತ. ಸರಿಯಾದ ಕಾಲ, ಸರಿಯಾದ ಪ್ರಮಾಣ, ಹೊಟ್ಟೆಗೆ ಅನ್ನ ಇವೆಲ್ಲ ಇದ್ದರೆ ಮದ್ಯ ಅಮೃತದಂತೆ, ಇಲ್ಲದಿದ್ದರೆ ವಿಷದಂತೆ ಎಂಬುದು ಅಲ್ಲಿನ ನಿಲುವು. ನಮ್ಮ ಕಡೆಗೆ ಬಂದರೆ, ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹೆಂಡ ಮಾರುವವನೊಬ್ಬ ಶರಣನಾದ. ಅವನೇ ಹೆಂಡದ ಮಾರಯ್ಯ. ‘ಧರ್ಮೇಶ್ವರಲಿಂಗ’ ಎಂಬ ಅಂಕಿತದಲ್ಲಿ ಆತ ಬರೆದ ವಚನಗಳು ಇವತ್ತಿಗೂ ಉಳಿದಿವೆ. ಹೆಂಡದಂಗಡಿಯ ಮಾತುಗಳನ್ನೇ ಹಿಡಿದು ಆತ ಅರಿವಿನ ಬಗ್ಗೆ ಮಾತಾಡಿದ. ಅಂದರೆ ಹೆಂಡ ಊರಿನ ಬದುಕಿನೊಳಗೇ ಇತ್ತು, ಅದರ ಅಮಲಿನ ಪರಿಚಯವೂ ಜನಕ್ಕೆ ಚೆನ್ನಾಗಿಯೇ ಇತ್ತು.

ಸಗರನಾಡಿನಲ್ಲಿ, ಅಂದರೆ ನಮ್ಮ ಶಹಾಪುರ-ಸುರಪುರ ಸೀಮೆಯಲ್ಲಿ, ಹೆಂಡ ಎಂದರೆ ಸೇಂದಿ. ಹಳ್ಳದ ದಂಡೆಯ ಈಚಲ ಮರದಿಂದ ಇಳಿಸಿದ್ದು. ರಾತ್ರಿ ಮರಕ್ಕೆ ಕಟ್ಟಿದ ಗಡಿಗೆಯಲ್ಲಿ ತೊಟ್ಟಿಕ್ಕಿದ ರಸ ಮೊದಲಿಗೆ ಬರೀ ಸಿಹಿ. ಗಡಿಗೆಗೆ ಸುಣ್ಣ ಬಳಿದು ಹುಳಿಯದಂತೆ ತಡೆದರೆ ಅದೇ ನೀರಾ. ಹಾಗೇ ಬಿಟ್ಟರೆ ಗಾಳಿಯಲ್ಲಿರುವ, ಗಡಿಗೆಗೆ ಅಂಟಿರುವ ಹುದುಗಿನಿಂದ ಕೆಲವೇ ತಾಸುಗಳಲ್ಲಿ ಹುಳಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದರಲ್ಲಿ ಶೇಕಡಾ 4ರ ಆಸುಪಾಸು ಮದ್ಯಸಾರ. ಹೆಚ್ಚು ಹೊತ್ತು ಇಟ್ಟರೆ ವಿನೆಗರ್‌ನಂತೆ ಹುಳಿಯಾಗಿ ಬಾಯಿಗೆ ಇಡುವಂತಿರುವುದಿಲ್ಲ.

ಇಲ್ಲೇ ಇದೆ ನೋಡಿ ಮುತ್ಯಾನ ಮಿತದ ಗುಟ್ಟು! ಅವನೇನೂ ದೊಡ್ಡ ಸಂಯಮಿಯಲ್ಲ. ಸೇಂದಿಯನ್ನು ಕೂಡಿಡಲು ಬರುತ್ತಿರಲಿಲ್ಲ, ದೂರ ಸಾಗಿಸಲು ಬರುತ್ತಿರಲಿಲ್ಲ. ಮರ ಕೊಟ್ಟಷ್ಟೇ ಸೇಂದಿ, ಅದೂ ಆ ದಿನಕ್ಕೆ ಮಾತ್ರ. ಮಿತವನ್ನು ಕಾಯುತ್ತಿದ್ದದ್ದು ಮರ ಮತ್ತು ಬಿಸಿಲು.

ಹಾಗಂತ ಅದು ಸ್ವರ್ಗವಾಗಿರಲಿಲ್ಲ. ಮರದ ಹಿಂದೆ ಸರಕಾರ ನಿಂತಿತ್ತು. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಭೂಕಂದಾಯದಂತೆ ಅಬಕಾರಿಯೂ ಖಜಾನೆಯ ದೊಡ್ಡ ಆಧಾರ. ಫಸಲಿ 1316ರಲ್ಲಿ, ಅಂದರೆ 1906-07ರ ಸುಮಾರಿಗೆ, ಅಬಕಾರಿ ಕಾಯ್ದೆಯೇ ಬಂತು. ಮರ ಯಾರ ಹೊಲದಲ್ಲಿದ್ದರೂ ಸೇಂದಿ ಇಳಿಸಲು ಸರಕಾರದ ಅಪ್ಪಣೆ ಬೇಕು. ಅಂಗಡಿ ಹಿಡಿಯುವ ಹಕ್ಕು ಹರಾಜಿಗೆ. ಹೆಚ್ಚಿಗೆ ಕೂಗಿದವನಿಗೆ ಕೊಟ್ಟ ದುಡ್ಡು ವಾಪಸು ಬರಬೇಕಾದರೆ ಜನ ಹೆಚ್ಚು ಕುಡಿಯಬೇಕು ತಾನೆ? ಕುಡಿಯುವವನ ಮಿತ ಗುತ್ತಿಗೆದಾರನಿಗೆ ನಷ್ಟ, ಅವನಿಗೆ ನಷ್ಟವಾದರೆ ಖಜಾನೆಗೂ ನಷ್ಟ.

ಇದು ಗೊತ್ತಿದ್ದೇ ಸ್ವಾತಂತ್ರ್ಯ ಹೋರಾಟಗಾರರು ಈಚಲ ಮರಕ್ಕೆ ಕೊಡಲಿ ಹಾಕಿದರು. 1939ರಲ್ಲಿ ಮೈಸೂರು ಸಂಸ್ಥಾನದ ಚಿತ್ರದುರ್ಗದ ಬಳಿ ತುರುವನೂರಿನಲ್ಲಿ ಎಸ್. ನಿಜಲಿಂಗಪ್ಪನವರ ಮುಂದಾಳ್ತನದಲ್ಲಿ ಈಚಲು ಮರ ಕಡಿಯುವ ಸತ್ಯಾಗ್ರಹ ನಡೆಯಿತು. 1947-48ರಲ್ಲಿ ಹೈದರಾಬಾದ್ ಸಂಸ್ಥಾನದಲ್ಲಿ ಸ್ವಾಮಿ ರಮಾನಂದ ತೀರ್ಥರ ಸ್ಟೇಟ್ ಕಾಂಗ್ರೆಸ್ ನಡೆಸಿದ ಹೋರಾಟದಲ್ಲೂ ಸೇಂದಿ ಮರಗಳನ್ನು ಕೆಡವುವುದು ಒಂದು ಕಾರ್ಯಕ್ರಮವಾಗಿತ್ತು. ಕುಡಿತ ಬಿಡಿಸುವುದು ಅದರಲ್ಲಿ ಅರ್ಧ, ನಿಜಾಮರ ವರಮಾನ ಕತ್ತರಿಸುವುದು ಇನ್ನರ್ಧ.

ಈಗ ಬಿಯರಿಗೆ ಬರೋಣ. ನಮ್ಮ ಹಳ್ಳಿಗಳು ಸೇಂದಿ ಕುಡಿಯುತ್ತಿದ್ದ ಕಾಲದಲ್ಲೇ ಬ್ರಿಟಿಷರ ದಂಡಿನ ಊರುಗಳಲ್ಲಿ ಬಿಯರಿನ ಕಥೆ ಬೇರೆಯೇ ನಡೆದಿತ್ತು. ಮೆಡೋಸ್ ಟೇಲರ್ ಸುರಪುರದಲ್ಲಿದ್ದದ್ದು 1840ರ ದಶಕದಲ್ಲಿ ಮತ್ತು 1850ರ ಮೊದಲ ವರ್ಷಗಳಲ್ಲಿ. ಆತನ ಬಂಗಲೆ, ಟೇಲರ್ ಮಂಜಿಲ್, ನಿಮ್ಮಲ್ಲಿ ಹಲವರು ನೋಡಿರಬಹುದು. ಅದೇ ಕಾಲದಲ್ಲಿ ಇಂಗ್ಲೆಂಡಿನ ಬರ್ಟನ್ ಊರಿನ ‘ಪೇಲ್ ಏಲ್’ ಬಿಯರು ಪೀಪಾಯಿಗಳಲ್ಲಿ ಹಡಗು ಹತ್ತಿ ಕಲ್ಕತ್ತ, ಮುಂಬಯಿ, ಮದರಾಸಿಗೆ ಬರುತ್ತಿತ್ತು. ಗೋರಾ ಸಿಪಾಯಿಗಳು ಅಗ್ಗದ ಸಾರಾಯಿ ಕುಡಿದು ಯಕೃತ್ತು ಹಾಳು ಮಾಡಿಕೊಂಡು ಸಾಯುತ್ತಿದ್ದರು. 1857ರ ದಂಗೆಯ ನಂತರ ಭಾರತದಲ್ಲಿನ ಸೈನ್ಯದ ಆರೋಗ್ಯದ ಬಗ್ಗೆ ಒಂದು ರಾಯಲ್ ಕಮಿಷನ್ ಕೂತಿತು. ಫ್ಲಾರೆನ್ಸ್ ನೈಟಿಂಗೇಲ್ ಅದಕ್ಕಾಗಿ ರಾಶಿ ರಾಶಿ ವರದಿಗಳನ್ನು ಓದಿ ಟಿಪ್ಪಣಿ ಬರೆದಳು. ಸಾರಾಯಿ ಕಡಿಮೆ ಮಾಡಿ, ಅದರ ಬದಲು ಬಿಯರು ಕೊಡಿ ಎಂಬ ಮಾತು ಆಗ ಬಲವಾಯಿತು. ಕಸೌಲಿ, ನೀಲಗಿರಿ ಮುಂತಾದ ತಂಪು ಗುಡ್ಡಗಳಲ್ಲಿ, ಆಮೇಲೆ ಬೆಂಗಳೂರಿನಲ್ಲಿ, ಬಿಯರ್ ಕಾರ್ಖಾನೆಗಳು ಎದ್ದದ್ದು ಈ ದಂಡಿನ ಗಿರಾಕಿಗಳನ್ನು ನಂಬಿಯೇ. ದಕ್ಷಿಣದ ಇಂಥ ಸಣ್ಣ ಕಾರ್ಖಾನೆಗಳನ್ನು ಕೂಡಿಸಿ 1915ರಲ್ಲಿ ಥಾಮಸ್ ಲೀಶ್‌ಮನ್ ಯುನೈಟೆಡ್ ಬ್ರೂವರೀಸ್ ಕಟ್ಟಿದ. 1947ರಲ್ಲಿ ವಿಠ್ಠಲ ಮಲ್ಯ ಅದರ ಮೊದಲ ಭಾರತೀಯ ನಿರ್ದೇಶಕರಾದರು.

ಒಂದು ಸೂಕ್ಷ್ಮ ಗಮನಿಸಿ. ‘ಬಿಯರು ಆರೋಗ್ಯಕ್ಕೆ ಒಳ್ಳೆಯದು’ ಅಂದಾಗ ಅವರು ಹೇಳಿದ್ದು ‘ಸಾರಾಯಿಗಿಂತ ಒಳ್ಳೆಯದು’ ಅಂತ. ನೀರಿಗಿಂತ, ಮಜ್ಜಿಗೆಗಿಂತ ಅಂತಲ್ಲ! ಕಾಲ ಸರಿದಂತೆ ‘ಸಾರಾಯಿಗಿಂತ’ ಎಂಬ ಅರ್ಧ ಉದುರಿಹೋಯಿತು, ‘ಒಳ್ಳೆಯದು’ ಎಂಬ ಅರ್ಧ ಮಾತ್ರ ಮಾಳಿಗೆ ಮೇಲೆ ಬಂದು ಕೂತಿತು.

ಇದಕ್ಕೆ ವಿಜ್ಞಾನವೂ ಕೈ ಹಚ್ಚಿತು ಅನ್ನಿ. 1926ರಲ್ಲಿ ಅಮೆರಿಕದ ರೇಮಂಡ್ ಪರ್ಲ್ ಎಂಬ ವಿಜ್ಞಾನಿ, ಮಿತವಾಗಿ ಕುಡಿಯುವವರು ಕುಡಿಯದವರಿಗಿಂತ ಕಡಿಮೆ ಕಾಲವೇನೂ ಬದುಕುವುದಿಲ್ಲ ಎಂದು ಪುಸ್ತಕ ಬರೆದ. 1991ರಲ್ಲಿ ಅಲ್ಲಿನ ಟಿವಿ ಕಾರ್ಯಕ್ರಮವೊಂದು, ಫ್ರಾನ್ಸಿನವರು ಬೆಣ್ಣೆ ತಿಂದೂ ಹೃದಯ ಗಟ್ಟಿ ಇಟ್ಟುಕೊಂಡಿರುವುದು ವೈನಿನಿಂದ ಅಂದಿತು, ವೈನ್ ಮಾರಾಟ ಏರಿತು. ನಮ್ಮ ಪತ್ರಿಕೆಗಳಲ್ಲೂ ‘ದಿನಕ್ಕೊಂದು ಪೆಗ್, ಹೃದಯಕ್ಕೆ ಹಿತ’ ಎಂಬಂಥ ಬರಹಗಳನ್ನು ನಾವೆಲ್ಲ ಓದಿದ್ದೇವೆ. ಆದರೆ 1988ರಲ್ಲೇ ಬ್ರಿಟನ್ನಿನ ಶೇಪರ್ ಎಂಬ ವೈದ್ಯ ಮತ್ತು ಅವರ ಸಂಗಡಿಗರು ಒಂದು ತೊಡಕು ತೋರಿಸಿದ್ದರು. ಕುಡಿಯದವರ ಗುಂಪಿನಲ್ಲಿ ಕಾಯಿಲೆ ಬಂದು ಕುಡಿತ ಬಿಟ್ಟವರೂ ಸೇರಿರುತ್ತಾರೆ. ಅವರೊಂದಿಗೆ ಹೋಲಿಸಿದರೆ ಮಿತವಾಗಿ ಕುಡಿಯುವವರು ಗಟ್ಟಿಯಾಗಿ ಕಾಣದೆ ಇನ್ನೇನು? ಅದೇ ವರ್ಷ ಮದ್ಯವನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೂ ಸೇರಿಸಲಾಯಿತು. 2018ರ ದೊಡ್ಡದೊಂದು ಜಾಗತಿಕ ಅಧ್ಯಯನ, ಆರೋಗ್ಯಕ್ಕೆ ಅತಿ ಕಡಿಮೆ ಹಾನಿಯ ಪ್ರಮಾಣ ಸೊನ್ನೆ ಅಂದಿತು. ಅದೇ ತಂಡ 2022ರಲ್ಲಿ ಸ್ವಲ್ಪ ತಿದ್ದಿ, 40 ದಾಟಿದ ಕೆಲವರಿಗೆ ಬಹಳ ಸಣ್ಣ ಪ್ರಮಾಣದಿಂದ ಕೆಲವು ಕಾಯಿಲೆಗಳಲ್ಲಿ ಚೂರು ಲಾಭವಿರಬಹುದು, ಎಳೆಯರಿಗೆ ಏನೂ ಇಲ್ಲ ಅಂದಿತು. 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಶಾಖೆ, ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ ಎಂದು ಹೇಳಿಬಿಟ್ಟಿತು.

ಇತ್ತ ನಮ್ಮೂರಲ್ಲಿ ಏನಾಯಿತು? ಸೇಂದಿ ಕೆಟ್ಟಿತು. ಮರಗಳು ಕಡಿಮೆಯಾದವು, ಬೇಡಿಕೆ ಕಡಿಮೆಯಾಗಲಿಲ್ಲ. ಹೈದರಾಬಾದ್ ಕರ್ನಾಟಕ, ತೆಲಂಗಾಣ ಎರಡೂ ಕಡೆ ಸೇಂದಿಗೆ ‘ಸಿ.ಎಚ್. ಪೌಡರ್’, ಅಂದರೆ ಕ್ಲೋರಲ್ ಹೈಡ್ರೇಟ್ ಬೆರೆಸುವ ದಂಧೆ ಬೆಳೆಯಿತು. ಅದು ನಿದ್ದೆಯ ಔಷಧ. ಚಟ ಹತ್ತಿದವರು ಒಮ್ಮೆಲೇ ಬಿಟ್ಟರೆ ಕೈಕಾಲು ನಡುಗುತ್ತವೆ, ಫಿಟ್ಸ್ ಬರುತ್ತದೆ. ಕಡೆಗೆ ದಕ್ಷಿಣ ಕನ್ನಡ, ಉಡುಪಿಗಳನ್ನು ಬಿಟ್ಟು ರಾಜ್ಯದಲ್ಲಿ ಸೇಂದಿ ನಿಂತಿತು. ಮರ ಹತ್ತುವ ಕಸುಬನ್ನೇ ನಂಬಿದ್ದ ಈಡಿಗ ಮನೆತನಗಳ ಹೊಟ್ಟೆಯ ಮೇಲೆ ಏಟು ಬಿತ್ತು, ಆ ನೋವು ಇನ್ನೂ ಆರಿಲ್ಲ. 2007ರ ಜುಲೈ 1ರಿಂದ ಪಾಕೀಟು ಸಾರಾಯಿಯೂ ಬಂದ್. ಉಳಿದದ್ದು ವೈನ್ ಶಾಪು. ಅಬಕಾರಿ ಎಂಬ ನಿಜಾಮರ ಕಾಲದ ಮಾತು ಮಾತ್ರ ಹಾಗೇ ಇದೆ. 2024-25ರ ರಾಜ್ಯ ಬಜೆಟ್ಟಿನಲ್ಲಿ ಅಬಕಾರಿಯಿಂದ ನಿರೀಕ್ಷಿಸಿದ್ದು 38,525 ಕೋಟಿ ರೂಪಾಯಿ. ಅಂದಮೇಲೆ ನಮ್ಮ ಮಿತವನ್ನು ಸರಕಾರ ಕಾಯುತ್ತದೆ ಅಂತ ಕೂರುವುದು ಹುಚ್ಚುತನ.

ಈಗ ಆ ಬಾಟಲಿಯ ಲೆಕ್ಕ ಹಾಕೋಣ. ನಮ್ಮ ದೇಶದಲ್ಲಿ ಮಾರಾಟವಾಗುವ ಬಿಯರಿನಲ್ಲಿ ದೊಡ್ಡ ಪಾಲು ‘ಸ್ಟ್ರಾಂಗ್’. 650 ಮಿಲಿಯ ಬಾಟಲಿ, ಶೇಕಡಾ 8 ಎಂದು ಹಿಡಿಯಿರಿ. 52 ಮಿಲಿ ಮದ್ಯಸಾರ, ತೂಕದಲ್ಲಿ ಸುಮಾರು 41 ಗ್ರಾಂ. 30 ಮಿಲಿಯ ಒಂದು ಪೆಗ್ ವಿಸ್ಕಿಯಲ್ಲಿ ಇರುವುದು 10 ಗ್ರಾಂ. ಅಂದರೆ ‘ಬರೀ ಒಂದು ಬಿಯರು’ ಎಂದರೆ ನಾಲ್ಕು ಪೆಗ್! ಶೇಕಡಾ 5ರ ಮೈಲ್ಡ್ ಬಾಟಲಿಯಾದರೂ ಎರಡೂವರೆ ಪೆಗ್. ಬ್ರಿಟನ್ 2016ರಲ್ಲಿ, ಕುಡಿಯುವುದೇ ಆದರೆ ವಾರಕ್ಕೆ 14 ಯೂನಿಟ್ ದಾಟಬೇಡಿ, ನಡುವೆ ಕೆಲವು ದಿನ ಬಿಡಿ ಅಂತ ಹೇಳಿತು. ಅದು 112 ಗ್ರಾಂ. ಸ್ಟ್ರಾಂಗ್ ಬಿಯರಿನ ಮೂರು ಬಾಟಲಿಗೇ ಅದು ದಾಟುತ್ತದೆ. ನಮ್ಮ ತಮ್ಮನ ‘ಮಿತ’ ವಾರಕ್ಕೆ ಏಳು ಬಾಟಲಿ.

ಇನ್ನು ಹರಳಿನ ಮಾತು. ಬಿಯರು ಕುಡಿಯುವವರಲ್ಲಿ ಹರಳು ಕಡಿಮೆ ಎಂದು ತೋರಿಸಿದ ಅಧ್ಯಯನಗಳಿವೆ, ಸುಳ್ಳು ಹೇಳಬಾರದು. ಆದರೆ ಆಗಲೇ ಕೂತಿರುವ ಹರಳನ್ನು ಬಿಯರು ಕರಗಿಸುವುದಿಲ್ಲ. ಮೂತ್ರ ಹೆಚ್ಚು ಬರುವುದು ಅದರಲ್ಲಿನ ನೀರಿನಿಂದ, ಮತ್ತೆ ಮದ್ಯಸಾರವು ದೇಹ ನೀರು ಹಿಡಿದಿಟ್ಟುಕೊಳ್ಳುವುದನ್ನು ತಡೆಯುವುದರಿಂದ. ನಮ್ಮಂಥ ಬಿಸಿಲಿನ ಊರಲ್ಲಿ ಅದು ಮೈಯನ್ನು ಒಣಗಿಸುತ್ತದೆ. ಬಿಯರಿನ ಪ್ಯೂರಿನ್‌ನಿಂದ ಯೂರಿಕ್ ಆಸಿಡ್ ಬೇರೆ ಏರುತ್ತದೆ, ಕೆಲವು ಹರಳು ಆಗುವುದೇ ಅದರಿಂದ. ಡಾಕ್ಟರು ಹೇಳುವ ಔಷಧಿ ನೀರು. ಪುಕ್ಕಟೆಯದು, ಅದಕ್ಕೇ ನಂಬಿಕೆ ಬರುವುದಿಲ್ಲ.

ಮೊನ್ನೆ ಫೋನಿನಲ್ಲಿ ಈ ಲೆಕ್ಕವನ್ನೆಲ್ಲ ತಮ್ಮನಿಗೆ ಒಪ್ಪಿಸಿದೆ. ನಾಲ್ಕು ಪೆಗ್ ಅಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಮತ್ತ ಎಷ್ಟು ಕುಡೀಬೇಕಣ್ಣಾ?” ಅಂದ.

ನಾನೂ ಸನ್ಯಾಸಿಯಲ್ಲ, ಉಪದೇಶ ಮಾಡಲಿಲ್ಲ. ಕುಡಿಯದವರು ಆರೋಗ್ಯಕ್ಕೆ ಅಂತ ಶುರು ಮಾಡಬೇಕಾಗಿಲ್ಲ. ಕುಡಿಯುವವರು ಬಾಟಲಿ ಎಣಿಸದೆ ಗ್ರಾಂ ಎಣಿಸಬೇಕು. ದಿನಾ ಬೇಡ, ಖಾಲಿ ಹೊಟ್ಟೆಯಲ್ಲಿ ಬೇಡ, ಬೈಕಿನ ಕೀಲಿ ಕೈಯಲ್ಲಿದ್ದರೆ ಬೇಡವೇ ಬೇಡ. ಔಷಧಿ ಎಂದು ಕರೆಯುವುದಂತೂ ಬೇಡ, ಹಬ್ಬ ಎಂದು ಕರೆದರೆ ಕನಿಷ್ಠ ಪ್ರಾಮಾಣಿಕವಾಗಿರುತ್ತದೆ. “ನಿನಗ ಮಾತ್ರ, ಡಾಕ್ಟರ್ ಹೂಂ ಅನ್ನೋ ತನಕ ಸೊನ್ನಿ” ಅಂದೆ. “ನೋಡೋಣ ಅಣ್ಣಾ” ಅಂದ. ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ.

ಮುತ್ಯಾನ ಮಿತವನ್ನು ಮರ ಕಾಯುತ್ತಿತ್ತು. ಫ್ರಿಜ್ಜಿನಲ್ಲಿಟ್ಟ ಬಾಟಲಿ ಹುಳಿಯುವುದಿಲ್ಲ, ಅದಕ್ಕೆ ಸಂಜೆಯಾಗುವುದಿಲ್ಲ. ಕಾಯುವ ಕೆಲಸ ಈಗ ನಮ್ಮದೇ.

ನಿಮ್ಮ ಊರಲ್ಲಿ ಹಿರಿಯರು ಹೆಂಡದ ಬಗ್ಗೆ ಏನನ್ನುತ್ತಿದ್ದರು? ನೆನಪಿದ್ದರೆ ಬರೆಯಿರಿ.